ಹೊಸ ಬಲ್ಬೂ ಮೂವತ್ತೆಂಟು ಕುರಿಗಳ ಕಣ್ಣೂ

ಹೊಸಬಾಳೆಯಲ್ಲಿ ಯಾರಿಗೆ ಏನೇ ಆದರೂ ಮೊದಲು ಬೈಸಿಕೊಳ್ಳುವವನು ನಾನು. ಈ ಊರಿನ ನೀರುಗಂಟಿ, ಹೆಸರು ರಂಗಪ್ಪ. ಬೆಳಗ್ಗೆ ಆರಕ್ಕೆ ವಾಲ್ವ್ ತಿರುಗಿಸುತ್ತೇನೆ, ಏಳೂವರೆಗೆ ಮುಚ್ಚುತ್ತೇನೆ. ಮಗುವಿಗೆ ನೆಗಡಿಯಾದರೆ ನೀರು ಸರಿಯಿಲ್ಲ, ಬೇಳೆ ಬೇಯದಿದ್ದರೆ ನೀರು ಸರಿಯಿಲ್ಲ, ಹುಡುಗ ಗಣಿತದಲ್ಲಿ ಫೇಲಾದರೂ ನೀರು ಸರಿಯಿಲ್ಲ. ಇಪ್ಪತ್ತೆರಡು ವರ್ಷದಿಂದ ಕೇಳಿ ಕೇಳಿ ನನಗೆ ಅಭ್ಯಾಸವಾಗಿದೆ. ಆದರೆ ಮಾಳೇಶ ಒಂದು ಬಲ್ಬು ಬದಲಾಯಿಸಿದ್ದಕ್ಕೆ ಇಡೀ ಊರು ನನ್ನ ಮನೆ ಬಾಗಿಲಿಗೆ ಬಂದು ನಿಂತಿತಲ್ಲ, ಅದನ್ನು ಮಾತ್ರ ಸುಮ್ಮನೆ ಬಿಡುವವನಲ್ಲ ನಾನು. ಆದದ್ದನ್ನು ಆದ ಹಾಗೆ ಹೇಳುತ್ತೇನೆ, ತಪ್ಪು ಯಾರದು ಅಂತ ನೀವೇ ಹೇಳಿ.

ಮಾಳೇಶ ನಮ್ಮ ಪಕ್ಕದ ಮನೆಯ ದೊಡ್ಡಬೀರಪ್ಪಣ್ಣನ ಮನೆ ಅಳಿಯ. ಒಳ್ಳೆಯವನು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಅವಕಾಶ ಸಿಗುವ ಭರವಸೆಯಿಲ್ಲ. ಹನ್ನೊಂದು ವರ್ಷದಿಂದ ಮಾವನ ಮೂವತ್ತೆಂಟು ಕುರಿಗಳ ಹಿಂದೆ ನಡೆದಿದ್ದಾನೆ. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಆ ಮಂದೆ ಶಿಕಾರಿಪುರದ ಕಡೆ ಉಡುತಡಿಗೆ ಹೋಗಿ ವೀರಬಸಪ್ಪನವರ ಹೊಲದಲ್ಲಿ ಹದಿನೈದು ದಿನ ತಂಗುತ್ತದೆ. ಕುರಿ ಮಲಗಿದ ಹೊಲಕ್ಕೆ ಗೊಬ್ಬರ, ಕುರಿಯವರಿಗೆ ಕಾಳು ಮತ್ತು ಊಟ. ಮಂದೆಯ ಯಜಮಾನನಾಗಿ ಹೋದವನನ್ನು ಮೊದಲ ದಿನ ಹೊಲದವರು ಮನೆಗೆ ಕರೆದು, ಮಣೆ ಹಾಕಿ ಕೂರಿಸಿ, ಹೋಳಿಗೆ ಬಡಿಸುತ್ತಾರೆ. ಹನ್ನೊಂದು ವರ್ಷವೂ ಆ ಮಣೆಯ ಮೇಲೆ ಕೂತವರು ದೊಡ್ಡಬೀರಪ್ಪಣ್ಣ. ಮಾಳೇಶ ಹೊಲದಲ್ಲಿ ಕುರಿ ಕಾಯುತ್ತಿದ್ದ.

ಈ ವರ್ಷ ಮಾತ್ರ ಅವನ ಅದೃಷ್ಟ ಬಾಗಿಲು ತಟ್ಟಿತು. ಶಿಕಾರಿಪುರದಲ್ಲಿರುವ ಚಿಕ್ಕ ಮಗಳ ಮನೆಯಲ್ಲಿ ತೊಟ್ಟಿಲ ಶಾಸ್ತ್ರ ಅಂತ ದೊಡ್ಡಬೀರಪ್ಪಣ್ಣ ಐದು ದಿನಕ್ಕೆ ಹೊರಟರು. ಬಸ್ಸು ಹತ್ತುವ ಮೊದಲು ಅಳಿಯನನ್ನು ಕರೆದು ಹೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

"ನೋಡಪ್ಪಾ, ಐದು ದಿನ ಮಂದೆ ನಿನ್ನ ಕೈಲಿ ಬಿಟ್ಟಿದೀನಿ. ದಿನಾ ಸಂಜೆ ಹಟ್ಟಿಗೆ ಬರ್ಬೇಕಾದ್ರೆ ಒಂದೊಂದರ ಕಣ್ಣೂ ನೋಡು. ಕೆಂಪಿದ್ರೆ ಸರಿ. ನಾ ಬರೋ ಹೊತ್ತಿಗೆ ಮಂದೆ ಹಿಂಗೇ ಇದ್ರೆ ಈ ಸಲ ಉಡುತಡಿಗೆ ನೀನೇ ಯಜಮಾನ. ಹೆಚ್ಚುಕಮ್ಮಿ ಆಯ್ತೋ, ಯತೀಶನ್ನ ಕರ್ಕೊಂಡ್ ಬರ್ತೀನಿ. ಕಣ್ಣು ನೋಡೋದ್ ಬಿಟ್ಟು ಇನ್ನೇನೂ ಮುಟ್ಟಬೇಡ."

ಯತೀಶ ಅಂದರೆ ಶಿಕಾರಿಪುರದ ಚಿಕ್ಕ ಅಳಿಯ. ಅಂಗಿಯನ್ನು ಪ್ಯಾಂಟಿನೊಳಗೆ ತುರುಕಿಕೊಂಡೇ ಕುರಿ ಮೇಯಿಸುವವನು. ಅವನ ಹೆಸರು ಬಂದರೆ ಮಾಳೇಶ ಮಾತು ಬದಲಾಯಿಸುತ್ತಾನೆ.

ಕಣ್ಣು ನೋಡುವುದು ಏನು ಅಂತ ತಿಳಿಯದವರಿಗೆ ಹೇಳಿಬಿಡುತ್ತೇನೆ. ಹಟ್ಟಿಯ ಬಾಯಲ್ಲಿ ನಿಂತು, ಬರುವ ಕುರಿಯನ್ನು ಮೊಣಕಾಲುಗಳ ನಡುವೆ ಹಿಡಿದು, ಹೆಬ್ಬೆರಳಿನಿಂದ ಕೆಳಗಿನ ರೆಪ್ಪೆ ಎಳೆದು ಟಾರ್ಚ್ ಬಿಡಬೇಕು. ಒಳಗೆ ಕೆಂಪಗಿದ್ದರೆ ಮೈಯಲ್ಲಿ ರಕ್ತ ಇದೆ. ಬಿಳಿಚಿಕೊಂಡಿದ್ದರೆ ಹೊಟ್ಟೆಯ ಹುಳ ರಕ್ತ ಕುಡಿದಿದೆ, ಕುರಿ ಉಳಿಯುವುದು ಕಷ್ಟ. ಹಗಲಲ್ಲಿ ಯಾಕೆ ನೋಡುವುದಿಲ್ಲ ಅಂದರೆ, ಹಗಲಲ್ಲಿ ಬಯಲಿನ ಕುರಿ ಯಾರ ಕೈಗೆ ಸಿಗುತ್ತದೆ ಸ್ವಾಮಿ? ಒಂದೊಂದಾಗಿ ಸಿಗುವುದು ಸಂಜೆ ಹಟ್ಟಿಯ ಬಾಯಲ್ಲೇ. ಅದಕ್ಕೆಂದೇ ದೊಡ್ಡಬೀರಪ್ಪಣ್ಣನ ಬಳಿ ಮೂರು ಸೆಲ್ಲಿನ ಒಂದು ಹಳೇ ಸ್ಟೀಲ್ ಟಾರ್ಚ್ ಇತ್ತು. ಅದರ ಬೆಳಕು ಅರಿಶಿನದ ನೀರಿನ ಹಾಗೆ. ಗೋಡೆಗೆ ಬಿಟ್ಟರೆ ಗೋಡೆ ಇದೆ ಅನ್ನುವುದು ಗೊತ್ತಾಗುತ್ತಿತ್ತು, ಅಷ್ಟೇ.

ಮಾರನೇ ದಿನ ನಾನು ವಾಲ್ವಿನ ವಾಷರ್ ತರಲು ಸೊರಬಕ್ಕೆ ಹೊರಟಾಗ ಮಾಳೇಶ ಬೈಕಿನ ಹಿಂದೆ ಹತ್ತಿದ. ಕಂಕುಳಲ್ಲಿ ಟಾರ್ಚ್.

"ಏನೂ ಮುಟ್ಟಬೇಡ ಅಂದಿದ್ರಲ್ಲೋ ನಿಮ್ಮಾವ?"

"ರಂಗಪ್ಪಣ್ಣ, ಕಣ್ಣು ನೋಡೋದ್ ಬಿಟ್ಟು ಇನ್ನೇನೂ ಅಂದಿದಾರೆ. ಟಾರ್ಚು ಕಣ್ಣು ನೋಡೋದ್ರೊಳಗೇ ಬರುತ್ತೆ. ಮಾವ ಬಂದ್ ನೋಡಿದ್ರೆ ಬೆರಗಾಗ್ಬೇಕು."

ಇಂಥ ವಾದಕ್ಕೆ ಹೈಕೋರ್ಟಿನಲ್ಲೂ ಉತ್ತರ ಇರಲಿಕ್ಕಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಉದಯನ ಎಲೆಕ್ಟ್ರಿಕಲ್ ಅಂಗಡಿ. ಉದಯ ಟಾರ್ಚಿನ ಮೂತಿ ಬಿಚ್ಚಿ, ಮಸಿ ಹಿಡಿದ ಹಳೇ ಬಲ್ಬು ತೆಗೆದು, ಅದೇ ಜಾಗಕ್ಕೆ ಕಡಲೆಕಾಳಿನಷ್ಟು ದೊಡ್ಡದೊಂದು ಎಲ್‌ಇಡಿ ಬಲ್ಬು ಕೂರಿಸಿದ. ಗುಂಡಿ ಒತ್ತಿದರೆ ಹತ್ತಲಿಲ್ಲ. ಮಾಳೇಶನ ಮುಖ ಬಾಡಿತು.

"ಕೆಟ್ಟೋಯ್ತಾ? ಮಾವಂದು ಕಣೋ ಅದು! ಹಳೇದೇ ಹಾಕಿಬಿಡು ಮಾರಾಯಾ!"

"ಹೆದರ್ಕೋಬೇಡ್ವೋ. ನಿಮ್ಮಾವ ಸೆಲ್ ತಲೆಕೆಳಗಾಗಿ ಹಾಕಿದಾರೆ. ಹಳೇ ಬಲ್ಬಿಗೆ ಹೆಂಗ್ ಹಾಕಿದ್ರೂ ನಡೀತಿತ್ತು. ಇದಕ್ಕೆ ಪ್ಲಸ್ಸು ಮೈನಸ್ಸು ಸರಿ ಇರ್ಬೇಕು."

ಸೆಲ್ ತಿರುಗಿಸಿ ಒತ್ತಿದ. ಅಬ್ಬಬ್ಬಾ! ಎದುರಿನ ಹೋಟೆಲಿನೊಳಗೆ ಇಡ್ಲಿ ತಿನ್ನುತ್ತಿದ್ದವನು ಕೈ ಅಡ್ಡ ಹಿಡಿದು ಬೈದ. ಚಂದ್ರಗುತ್ತಿ ಗುಡ್ಡಕ್ಕೆ ಬಿಟ್ಟರೆ ಮೇಲಿರುವವರು ಕಣ್ಣು ಮುಚ್ಚಿಕೊಳ್ಳಬೇಕು ಅಂದ ಉದಯ. ಮಾಳೇಶ ಊರಿಗೆ ಬರುವ ದಾರಿಯುದ್ದಕ್ಕೂ, ಮಧ್ಯಾಹ್ನದ ಬಿಸಿಲಿನಲ್ಲಿ, ನನ್ನ ಬೆನ್ನ ಹಿಂದೆ ಟಾರ್ಚ್ ಹತ್ತಿಸಿ ಆರಿಸಿ ಮಾಡುತ್ತಿದ್ದ.

ಆವತ್ತು ಸಂಜೆ ನಾನು ಹಿತ್ತಿಲಲ್ಲಿ ಸೌದೆ ಜೋಡಿಸುತ್ತಿದ್ದೆ. ಪಕ್ಕದ ಹಟ್ಟಿಯಿಂದ ಮೊದಲು "ಆಹಾ" ಅಂತ ಕೇಳಿಸಿತು. ಆಮೇಲೆ, "ರಂಗಪ್ಪಣ್ಣಾ, ಒಂದ್ ನಿಮಿಷ ಬಾ" ಅನ್ನುವ ಸಣ್ಣ ದನಿ.

ಹೋದೆ. ಮಾಳೇಶ ಒಂದು ಕುರಿಯ ರೆಪ್ಪೆ ಎಳೆದು ಟಾರ್ಚ್ ಬಿಟ್ಟ. ಒಳಗೆ ಬೆಳ್ಳಗೆ, ಮಾಸಿದ ಪಂಚೆಯ ಬಣ್ಣ.

"ಇದೊಂದಕ್ಕೆ ಹಿಂಗಾಗಿರ್ಬೇಕು ಬಿಡು," ಅಂದೆ.

"ಇದು ಹದಿನಾಲ್ಕನೇದು ಅಣ್ಣಾ!"

ಮೂವತ್ತೆಂಟನ್ನೂ ನೋಡಿದೆವು. ಮೂವತ್ತೆಂಟೂ ಬಿಳುಪು. ನಿನ್ನೆವರೆಗೆ ದಾಳಿಂಬೆ ಕಾಳಿನ ಹಾಗಿದ್ದ ಕಣ್ಣುಗಳು, ಮಾವ ಬಸ್ಸು ಹತ್ತಿ ಇನ್ನೂ ಎರಡು ದಿನವಾಗಿಲ್ಲ. ಮಾಳೇಶ ಫೋನ್ ತೆಗೆದು ಮಾವನ ನಂಬರ್ ಒತ್ತಿದ, ರಿಂಗಾಗುತ್ತಲೇ ಕಟ್ ಮಾಡಿದ. ಅವರೇ ತಿರುಗಿ ಮಾಡಿದರು.

"ಏನೋ?"

"ಏನಿಲ್ಲ ಮಾವ. ಊಟ ಆಯ್ತಾ?"

"ಇನ್ನೂ ದೀಪ ಹಚ್ಚಿಲ್ಲ, ಊಟ ಎಂಥದೋ! ಕಣ್ಣು ನೋಡಿದ್ಯಾ?"

"ನೋಡಿದೆ ಮಾವ. ಚೆನ್ನಾಗಿ ಕಾಣ್ತು."

ಇದು ಸುಳ್ಳಲ್ಲ ನೋಡಿ. ಚೆನ್ನಾಗಿಯೇ ಕಂಡಿತ್ತು.

ಅವನ ಹೆಂಡತಿ ಪ್ರಮೀಳಾ ಬುದ್ಧಿವಂತೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, "ರೀ, ಕುರಿಗೆ ನಿಜವಾಗ್ಲೂ ಹಿಂಗಾಗಿದ್ರೆ ಮೇವು ತಿಂತಿರ್ಲಿಲ್ಲ. ಎಲ್ಲಿ, ನನ್ನ ಕಣ್ಣು ನೋಡಿ. ನಂದು ಹೆಂಗಿದೆಯೋ ಅದಕ್ಕೆ ತಾಳೆ ಹಾಕೋಣ," ಅಂದಳು. ಅವಳ ಬುದ್ಧಿವಂತಿಕೆಯೇ ಊರನ್ನು ಹಾಳು ಮಾಡಿತು. ಮಾಳೇಶ ಅವಳ ರೆಪ್ಪೆ ಎಳೆದು ಟಾರ್ಚ್ ಬಿಟ್ಟವನು ಹಾಗೇ ಗೋಡೆಗೆ ಒರಗಿದ. ಅವಳದೂ ಬಿಳುಪು. ಅತ್ತೆ ದ್ಯಾಮಮ್ಮನದು ಅದಕ್ಕಿಂತ ಬಿಳುಪು. ಕೊನೆಗೆ ನನ್ನದನ್ನೂ ನೋಡಿದ. ನೋಡಿ ನನ್ನ ಭುಜದ ಮೇಲೆ ಕೈಯಿಟ್ಟ. ಅವನು ಏನಾದರೂ ಹೇಳಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

"ಕುರಿಯಿಂದ ನಮಗೆ ಬಂತೋ, ನಮ್ಮಿಂದ ಕುರಿಗೆ ಹೋಯ್ತೋ?" ಅಂತ ದ್ಯಾಮಮ್ಮ ಅಳಲು ಶುರುಮಾಡಿದರು. "ನಾಲ್ಕು ದಿನದಿಂದ ಮಂಡಿ ನೋವು ಅಂತ ಬಡ್ಕೊಂಡೆ, ಯಾರು ಕೇಳಿದ್ರಿ?"

ಯಾರಿಗೂ ಹೇಳಬಾರದು ಅಂತ ನಾಲ್ವರೂ ಆಣೆ ಮಾಡಿದೆವು. ನಾನು ನನ್ನ ಹೆಂಡತಿಗೆ ಮಾತ್ರ ಹೇಳಿದೆ.

ಮಾರನೇ ಸಂಜೆ ದೊಡ್ಡಬೀರಪ್ಪಣ್ಣನ ನಡುಮನೆಯಲ್ಲಿ ಊರಿಗೆ ಊರೇ ಸಾಲು ನಿಂತಿತ್ತು. ಮಾಳೇಶ ಸ್ಟೂಲಿನ ಮೇಲೆ ಕೂತು ಒಬ್ಬೊಬ್ಬರ ರೆಪ್ಪೆ ಎಳೆಯುತ್ತಿದ್ದ. ಅವನಿಗೆ ಇದು ಬೇಕಿರಲಿಲ್ಲ ಪಾಪ, ಆದರೆ ಒಂದಾದರೂ ಕೆಂಪು ಕಣ್ಣು ಸಿಕ್ಕೀತು ಅನ್ನುವ ಆಸೆ. ಒಂದೂ ಸಿಗಲಿಲ್ಲ. ಸೊಸೆಯದು ಅತ್ತೆಯದಕ್ಕಿಂತ ಬಿಳುಪು ಅಂದದ್ದಕ್ಕೆ ಒಂದು ಮನೆಯಲ್ಲಿ ಜಗಳವೇ ಆಯಿತು. ನಂದು ಹೆಚ್ಚು, ನಂದು ಹೆಚ್ಚು ಅಂತ. ಆಶಾ ಕಾರ್ಯಕರ್ತೆ ನಿರ್ಮಲಮ್ಮ ಓಡಿಬಂದರು. ಅವರು ಬಂದದ್ದು ಬುದ್ಧಿ ಹೇಳಲು. ಮಾಳೇಶ ಮೊದಲು ಅವರ ಕಣ್ಣನ್ನೇ ನೋಡಿದ, ಬುದ್ಧಿ ಅಲ್ಲಿಗೇ ನಿಂತಿತು.

"ನಾನೇ ಊರಿಗೆಲ್ಲಾ ರಕ್ತಹೀನತೆ ಪಾಠ ಮಾಡೋಳು! ನನಗೇ ರಕ್ತ ಇಲ್ವಾ?" ಅಂತ ಅಲ್ಲೇ ಕುಸಿದು ಕೂತರು. ಎರಡು ಲೋಟ ನೀರು ಕುಡಿದು ಎದ್ದು, "ಗುಳಿಗೆ ನನ್ಹತ್ರ ಬಸುರಿಯರಿಗೆ ಇಟ್ಟಿರೋವಷ್ಟೇ ಇರೋದು, ಕೇಳ್ಬೇಡಿ. ಎಲ್ಲರೂ ಬೀಟ್‌ರೂಟ್ ತಿನ್ನಿ, ನುಗ್ಗೆಸೊಪ್ಪು ತಿನ್ನಿ. ನಾಳೇನೇ ಶುರು ಮಾಡಿ," ಅಂದರು.

ನುಗ್ಗೆಸೊಪ್ಪನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಣ್ಣ ಕೆಂಪಿರುವುದು ಬೀಟ್‌ರೂಟ್ ಅಲ್ಲವೇ! ಮಾರನೇ ದಿನ ಸೊರಬದ ತರಕಾರಿ ಅಂಗಡಿಗಳಲ್ಲಿದ್ದ ಬೀಟ್‌ರೂಟೆಲ್ಲ ಹೊಸಬಾಳೆಗೆ ಬಂತು. ಮಾಳೇಶ ಎರಡು ಮೂಟೆ ತಂದ. ಅರ್ಧ ಮೂಟೆ ಮನೆಗೆ, ಒಂದೂವರೆ ಮೂಟೆ ಹೆಚ್ಚಿ ಕುರಿಗಳಿಗೆ. ಕುರಿಗಳು ಬಾಯಿ ಮೂತಿ ಕೆಂಪು ಮಾಡಿಕೊಂಡು ಮದುವೆ ಮನೆಯಲ್ಲಿ ಎಲೆ ಅಡಿಕೆ ಹಾಕಿದವರ ಹಾಗೆ ತಿರುಗಾಡಿದವು. ನಮ್ಮ ಮನೆಯಲ್ಲಿ ಬೆಳಗ್ಗೆ ಬೀಟ್‌ರೂಟ್ ಪಲ್ಯ, ಮಧ್ಯಾಹ್ನ ಬೀಟ್‌ರೂಟ್ ಸಾರು, ರಾತ್ರಿ ನನ್ನ ಹೆಂಡತಿ ಅದನ್ನು ರೊಟ್ಟಿಗೂ ಕಲಸಿದಳು. ಮಾಳೇಶ ಮಾತ್ರ ಒಂದು ತುತ್ತೂ ಮುಟ್ಟಲಿಲ್ಲ. ಆ ಒಂದು ದಿನದಲ್ಲಿ ಮಾವನಿಗೆ ಒಂಬತ್ತು ಸಲ ಊಟ ಆಯ್ತಾ ಅಂತ ಕೇಳಿದ್ದ. ಒಂಬತ್ತನೇ ಸಲ ಅವರು, "ಏನೋ ಮುಚ್ಚಿಡ್ತಿದೀಯ ನೀನು," ಅಂದರಂತೆ.

ಅದರ ಮಾರನೇ ಬೆಳಗ್ಗೆ ಆರಕ್ಕೆ ನಾನು ವಾಲ್ವ್ ತಿರುಗಿಸಿ ಮನೆಗೆ ಬಂದು ಚಹಾ ಲೋಟ ಎತ್ತಿದ್ದೆ, ಅಷ್ಟರಲ್ಲಿ ದ್ಯಾಮಮ್ಮ ತಮ್ಮ ಬಚ್ಚಲಿನಿಂದ ಹಾಕಿದ ಕೂಗಿಗೆ ಲೋಟ ಕೈಜಾರಿತು.

"ಅಯ್ಯೋ! ಇದ್ದ ರಕ್ತಾನೂ ಹೋಯ್ತಲ್ರಪ್ಪೋ!"

ಹೇಳಲು ಸಂಕೋಚ, ಆದರೆ ನಡೆದದ್ದನ್ನು ಹೇಳಲೇಬೇಕು. ಮೂತ್ರ ಕೆಂಪಗೆ ಹೋಗಿತ್ತು. ಅವರಿಗೆ ಮಾತ್ರವಲ್ಲ. ಐದು ನಿಮಿಷದಲ್ಲಿ ಮೇಲಿನ ಕೇರಿಯಿಂದ ಒಂದು ಕೂಗು, ಕೆಳಗಿನ ಕೇರಿಯಿಂದ ಎರಡು. ನಾನೂ ಹಿತ್ತಿಲಿಗೆ ಹೋಗಿ ನೋಡಿಕೊಂಡು ಬಂದೆ. ಹೆಂಡತಿ ಮಕ್ಕಳನ್ನು ಒಂದು ಸಲ ನೋಡಿ, ಸಂಘದ ಪಾಸ್‌ಬುಕ್ ಎಲ್ಲಿದೆ ಅಂತ ಹೇಳಿಬಿಡೋಣ ಅಂದುಕೊಳ್ಳುತ್ತಿದ್ದೆ, ಅಷ್ಟರಲ್ಲಿ ಬಾಗಿಲಲ್ಲಿ ಜನ.

"ನೀರಿಗೆ ಏನ್ ಹಾಕಿದ್ಯೋ ರಂಗಪ್ಪಾ?"

"ನಾನ್ಯಾಕ್ರೀ ಹಾಕ್ಲಿ? ನನಗೂ ಕೆಂಪಗೇ ಹೋಗಿದೆ!"

"ಹಂಗಾದ್ರೆ ನೀನೇ ಸಾಕ್ಷಿ. ನೀರೇ ಕೆಟ್ಟಿದೆ!"

ನೋಡಿದಿರಾ ನ್ಯಾಯ? ಪಂಚಾಯ್ತಿಯಿಂದ ಪಿಡಿಒ ಬಂದರು, ಯಾರದೋ ಜ್ಯೂಸ್ ಬಾಟಲಿಯಲ್ಲಿ ನೀರು ಹಿಡಿದು, ಬಿಸಿಲಿಗೆತ್ತಿ ನೋಡಿ, "ಸಂಶಯಾಸ್ಪದವಾಗಿದೆ," ಅಂದರು. ಬಾಟಲಿ ತಳದಲ್ಲಿ ಹಳೇ ಮಾವಿನ ಜ್ಯೂಸ್ ಉಳಿದಿತ್ತು, ಅದನ್ನು ಯಾರೂ ನೋಡಲಿಲ್ಲ. ಟ್ಯಾಂಕಿಗೆ ಬೀಗ ಬಿತ್ತು, ಬೀಗದ ಕೈ ನನ್ನಿಂದ ಕಿತ್ತುಕೊಂಡರು.

ಆಗ ಹಟ್ಟಿಯಿಂದ ಪ್ರಮೀಳಾ ಕೂಗಿದಳು. ಹೋಗಿ ನೋಡಿದರೆ ಹಟ್ಟಿಯ ನೆಲದಲ್ಲೂ ಅಲ್ಲಲ್ಲಿ ಕೆಂಪು. ಮಾಳೇಶ ಕುರಿಗಳ ನಡುವೆ ಕುಕ್ಕರುಗಾಲಲ್ಲಿ ಕೂತಿದ್ದ. ಮೂರು ದಿನದಲ್ಲಿ ಅವನ ಕೆನ್ನೆ ಒಳಗೆ ಹೋಗಿತ್ತು.

"ಮುಗೀತು ರಂಗಪ್ಪಣ್ಣ. ಹನ್ನೊಂದ್ ವರ್ಷ ಒಂದೂ ಹೆಚ್ಚುಕಮ್ಮಿ ಮಾಡಿರ್ಲಿಲ್ಲ. ನನ್ನ ಕೈಗೆ ಬಂತು, ಎಲ್ಲಾ ಹೋಯ್ತು. ಮಾವನ ಮುಖ ಹೆಂಗ್ ನೋಡ್ಲಿ?"

ಸಮಾಧಾನ ಮಾಡಲು ಬಾಯಿ ತೆರೆಯುವಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಉಡುತಡಿಯ ವೀರಬಸಪ್ಪನವರು. ಅವರ ದನಿ ಎಷ್ಟು ದೊಡ್ಡದೆಂದರೆ ಸ್ಪೀಕರ್ ಹಾಕುವ ಅಗತ್ಯವಿಲ್ಲ.

"ಏನ್ರೀ ಮಾಳೇಶಪ್ಪ, ಏನ್ ಕೇಳ್ತಾ ಇದೀನಿ ನಾನು? ನಿಮ್ಮ ಕುರಿಗೆ ರಕ್ತ ಹೋಗೋ ರೋಗ ಅಂತಲ್ರೀ! ಊರಿಗೆಲ್ಲಾ ಹಬ್ಬೇತಂತೆ! ನನ್ನ ಹೊಲದಾಗೆ ಆ ಮಂದೆ ಕಾಲಿಡಬಾರ್ದು ನೋಡ್ರಿ. ನಿಮ್ಮ ಮಾವಗೂ ಹೇಳೀನಿ. ಅವರು ಆಗ್ಲೇ ಬಸ್ ಹತ್ಯಾರ."

ಮಾಳೇಶನ ಕೈಯಿಂದ ಫೋನ್ ಹುಲ್ಲಿನ ಮೇಲೆ ಬಿತ್ತು. ಅದರೊಳಗಿಂದ ವೀರಬಸಪ್ಪನವರು ಇನ್ನೂ "ಹಲೋ, ಹಲೋ" ಅನ್ನುತ್ತಿದ್ದರು.

ಹತ್ತು ಗಂಟೆಗೆ ದನದ ಡಾಕ್ಟರು ಶ್ರೀನಾಥ್ ಜೀಪಿನಲ್ಲಿ ಬಂದರು. ಕೆಂಪು ಮೂತ್ರ ಅಂತ ಕೇಳಿ ಅವರೂ ಗಾಬರಿಯಾಗಿಯೇ ಬಂದಿದ್ದರು, ಕೈಗೆ ಗ್ಲೌಸು, ಬಾಯಿಗೆ ಮಾಸ್ಕು. ಜನ ಹಿಂದೆ ಸರಿದು ದಾರಿ ಬಿಟ್ಟಿತು. ಹಟ್ಟಿಯನ್ನೊಂದು ಸುತ್ತು ಬಂದು ಕೇಳಿದರು.

"ಏನ್ ತಿನ್ಸಿದೀರಾ ಇವಕ್ಕೆ?"

"ಏನೂ ಇಲ್ಲ ಸಾರ್. ಮಾಮೂಲಿ ಮೇವು. ಸ್ವಲ್ಪ ಬೀಟ್‌ರೂಟು."

"ಸ್ವಲ್ಪ ಅಂದ್ರೆ?"

"ಒಂದೂವರೆ ಮೂಟೆ ಸಾರ್."

ಡಾಕ್ಟರು ಮಾಸ್ಕ್ ಕೆಳಗಿಳಿಸಿದರು. ಅವರ ಕಣ್ಣು ನೆರೆದ ಜನರ ಕೆಂಪು ತುಟಿಗಳ ಮೇಲೆ ಒಂದು ಸುತ್ತು ಹೋಯಿತು.

"ನೀವೆಲ್ಲಾ?"

ಊರು ತಲೆ ತಗ್ಗಿಸಿತು. ನಿರ್ಮಲಮ್ಮ ನನ್ನ ಹೆಂಡತಿಯ ಬೆನ್ನ ಹಿಂದೆ ಸೇರಿಕೊಂಡರು.

ಡಾಕ್ಟರು ಒಂದು ಕುರಿಯನ್ನು ಕಿವಿ ಹಿಡಿದು ಹಟ್ಟಿಯ ಹೊರಗೆ, ಬಿಸಿಲಿಗೆ ಎಳೆದು ತಂದು ರೆಪ್ಪೆ ಇಳಿಸಿದರು. ಕೆಂಪು! ಇನ್ನೊಂದು. ಕೆಂಪು! ಅದೇ ಕುರಿಯನ್ನು ಒಳಗೆ ಕತ್ತಲಿಗೆ ಒಯ್ದು ಮಾಳೇಶನ ಟಾರ್ಚ್ ಹತ್ತಿಸಿದರು. ಬಿಳುಪು.

"ಈ ಬಲ್ಬಿನ ಬೆಳಕೇ ಬಿಳಿ ಕಣಪ್ಪಾ, ನೀಲಿ ಹೊಡೀತಾ ಇದೆ. ಅದೂ ಇಷ್ಟು ಜೋರು. ಇದ್ರಲ್ಲಿ ನೋಡಿದ್ರೆ ಟೊಮೆಟೋನೂ ಸತ್ತಂಗೆ ಕಾಣುತ್ತೆ. ಬಿಸಿಲಲ್ಲಿ ಒಂದ್ ಸಲ ನೋಡೋಕೆ ಏನಾಗಿತ್ತು ನಿಮಗೆ?"

ಡಾಕ್ಟರೇ ಹುಲ್ಲಿನ ಮೇಲಿದ್ದ ಫೋನೆತ್ತಿ ವೀರಬಸಪ್ಪನವರಿಗೆ ಮಾಡಿ, ಕುರಿಗಳಿಗೆ ಏನೂ ಇಲ್ಲ, ಮಂದೆ ಧಾರಾಳವಾಗಿ ಬರಲಿ ಅಂದರು. ನಾನು ಪಿಡಿಒ ಕಡೆ ತಿರುಗಿ ಬೀಗದ ಕೈಗೆ ಕೈ ಚಾಚಿದೆ. ಅವರು ಕೊಟ್ಟರು, ಆದರೆ ತಪ್ಪಾಯಿತು ಅನ್ನಲಿಲ್ಲ. ಇವತ್ತಿಗೂ ಅಂದಿಲ್ಲ.

ಜನ ನಗಲು ಶುರುಮಾಡಿತ್ತು. ಅಷ್ಟರಲ್ಲಿ ದೊಡ್ಡಬೀರಪ್ಪಣ್ಣ ಬಂದರು. ಹಿಂದೆ ಚೀಲ ಹಿಡಿದುಕೊಂಡು ಯತೀಶ, ಅಂಗಿ ಒಳಗೆ. ಬಸ್ ಸ್ಟಾಪಿನಿಂದ ಇಲ್ಲಿಗೆ ನೂರು ಹೆಜ್ಜೆ, ದೊಡ್ಡಬೀರಪ್ಪಣ್ಣ ಅದರ ಮಧ್ಯೆ ಎರಡು ಕಡೆ ಕೂತು ಎದ್ದು ಬಂದಿದ್ದರು. ನಡೆದದ್ದನ್ನೆಲ್ಲ ನನ್ನ ಮೆಟ್ಟಿಲ ಮೇಲೆ ಕೂತೇ ಕೇಳಿದರು. ದನಿ ಮಾತ್ರ ಎಂದಿನದೇ.

"ಬಲ್ಬ್ ಬದಲಾಯ್ಸು ಅಂತ ನಿನಗೆ ಹೇಳಿದ್ನೇನೋ ನಾನು? ಒಂದ್ ಟಾರ್ಚ್ ಕೊಟ್ಟು ಹೋದ್ರೆ ಊರಿಗ್ ಊರೇ ಹಳ್ಳ ಹಿಡಿಸ್ದಲ್ಲೋ! ನಲವತ್ತು ವರ್ಷದ ಹೆಸರು ನಂದು! ಯತೀಶಾ, ನಾಳೆ ಬೆಳಗ್ಗೆ ಮಂದೆ ಹೊಡ್ಕೊಂಡು ನೀನೂ ನಾನೂ ಹೊರಡೋದು."

ಯತೀಶ ಅಂಗಿಯನ್ನು ಇನ್ನಷ್ಟು ಒಳಗೆ ತುರುಕಿಕೊಂಡ. ಮಾಳೇಶ ಟಾರ್ಚನ್ನು ಎದೆಗೆ ಹಿಡಿದುಕೊಂಡು ನಿಂತಿದ್ದ. ಪ್ರಮೀಳಾಳೇ ಮುಂದೆ ಬಂದಳು.

"ಅಪ್ಪಾ, ಬಯ್ಯೋದಾದ್ರೆ ಬಯ್ಯಿ. ಆದ್ರೆ ನಿನ್ನ ಕುರಿಗೆ ಏನಾದ್ರೂ ಆಗುತ್ತೆ ಅಂತ ಹೆದರಿ ಮೂರು ದಿನದಿಂದ ಅವ್ರು ಒಂದ್ ತುತ್ತು ಉಂಡಿಲ್ಲ."

"ನೀನು ಸುಮ್ನಿರು!" ಅಂತ ದೊಡ್ಡಬೀರಪ್ಪಣ್ಣ ರಪ್ಪನೆ ಎದ್ದರು. ಎದ್ದವರು ಹಾಗೇ ವಾಲಿದರು. ಯತೀಶನ ಎರಡೂ ಕೈಯಲ್ಲಿ ಚೀಲ. ಮಾಳೇಶ ಹಾರಿ ಹಿಡಿದುಕೊಂಡ.

ಡಾಕ್ಟರು ಜೀಪಿಗೆ ಒಂದು ಕಾಲು ಇಟ್ಟಿದ್ದವರು ಇಳಿದು ಬಂದರು. ದೊಡ್ಡಬೀರಪ್ಪಣ್ಣನ ಮುಖವನ್ನು ಬಿಸಿಲಿಗೆ ತಿರುಗಿಸಿ, ಕುರಿಗೆ ಮಾಡಿದ ಹಾಗೆಯೇ ಹೆಬ್ಬೆರಳಿನಿಂದ ರೆಪ್ಪೆ ಇಳಿಸಿದರು. ನೋಡಿದರು. ಇನ್ನೊಂದು ಕಣ್ಣನ್ನೂ ನೋಡಿದರು.

"ಟಾರ್ಚ್ ಆರ್ಸಪ್ಪಾ," ಅಂದರು.

"ಆರಿದೆ ಸಾರ್," ಅಂದ ಮಾಳೇಶ.

ನಗುತ್ತಿದ್ದ ಜನ ಹತ್ತಿರ ಬಂತು. ನಾನೂ ಬಗ್ಗಿ ನೋಡಿದೆ. ಹಾಡಹಗಲ ಬಿಸಿಲಿನಲ್ಲಿ ಆ ಕಣ್ಣು ಸುಣ್ಣದ ಹಾಗೆ ಬೆಳ್ಳಗಿತ್ತು. ಈ ಮೂರು ದಿನದಲ್ಲಿ ಊರಿನ ಪ್ರತಿಯೊಂದು ಕಣ್ಣನ್ನೂ ಮಾಳೇಶ ನೋಡಿದ್ದ, ಊರಲ್ಲಿ ಇಲ್ಲದ ಇದೊಂದನ್ನು ಬಿಟ್ಟು.

"ಎಷ್ಟು ದಿನದಿಂದ ಸುಸ್ತು ಯಜಮಾನ್ರೇ?"

"ಸುಸ್ತೆಂಥದು. ವಯಸ್ಸಾಯ್ತು, ಅಷ್ಟೇ."

"ವಯಸ್ಸಾದ್ರೆ ಕೂದಲು ಬೆಳ್ಳಗಾಗುತ್ತೆ, ಇದು ಆಗಲ್ಲ. ನಾನು ದನದ ಡಾಕ್ಟ್ರು, ನಿಮಗೆ ಔಷಧಿ ಬರ್ಕೊಡೋ ಹಾಗಿಲ್ಲ. ಆದ್ರೆ ಈ ಕಣ್ಣಿಟ್ಕೊಂಡು ಉಡುತಡಿಗೆ ನಡೆದ್ರೆ ಅರ್ಧ ದಾರೀಲಿ ಬೀಳ್ತೀರಾ. ಜೀಪ್ ಹತ್ತಿ. ಇವತ್ತೇ, ಈಗ್ಲೇ ಸೊರಬದ ಆಸ್ಪತ್ರೆಗೆ."

ದ್ಯಾಮಮ್ಮ ಸೆರಗು ಬಾಯಿಗಿಟ್ಟುಕೊಂಡರು. ಯತೀಶ ಚೀಲ ಕೆಳಗಿಟ್ಟು, "ನೀವು ಯೋಚ್ನಿ ಮಾಡಬ್ಯಾಡ್ರಿ ಮಾವಾ, ಕುರಿ ನಾ ನೋಡ್ಕೋತೀನಿ," ಅಂದ.

ದೊಡ್ಡಬೀರಪ್ಪಣ್ಣ ಮೂವತ್ತೆಂಟು ಕುರಿಗಳ ಕಡೆ ಒಂದು ಸಲ ನೋಡಿದರು. ಆಮೇಲೆ ತಮ್ಮ ತೋಳನ್ನು ಇನ್ನೂ ಬಿಡದೆ ಹಿಡಿದಿದ್ದ ಅಳಿಯನನ್ನು ನೋಡಿದರು.

"ಬೇಡ. ಮಾಳೇಶನೇ ಕರ್ಕೊಂಡು ಹೋಗ್ಲಿ," ಅಂದರು.

"ಕುರೀನಾ?" ಅಂದರು ದ್ಯಾಮಮ್ಮ.

"ಮೊದ್ಲು ನನ್ನ. ಕುರಿ ಆಮೇಲೆ."